'ಎಂಡೆವರ್': ಪ್ರಯತ್ನವೋ, ಹೊಣೆಯೋ?

ಇಂಗ್ಲಿಷಿನಲ್ಲಿ 'ಎಂಡೆವರ್' ಎಂಬ ಒಂದು ಕ್ರಿಯಾಪದ ಇದೆ. ಅರ್ಥ ಏನೆಂದು ಕೇಳಿದರೆ ಹೈಸ್ಕೂಲಿನ ಮಕ್ಕಳು 'ಟ್ರೈ ಮಾಡುವುದು, ಪ್ರಯತ್ನಿಸುವುದು' ಎನ್ನುತ್ತಾರೆ. ನಿಘಂಟೂ ಹಾಗೆಯೇ ಹೇಳುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಕಾಸರಗೋಡಿನಲ್ಲಿ ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ಆಸರೆಯಾಗಿ ನಮ್ಮ ಸಂವಿಧಾನದಲ್ಲಿರುವ ಒಂದು ಮುಖ್ಯ ವಾಕ್ಯ ಈ ಪದವನ್ನೇ ಊರುಗೋಲು ಮಾಡಿಕೊಂಡು ನಿಂತಿದೆ. ಊರುಗೋಲು ಗಟ್ಟಿಯೋ ಟೊಳ್ಳೋ ಎಂದು ತಟ್ಟಿ ನೋಡುವುದು ನಮ್ಮದೇ ಕೆಲಸ. ಇದು ಇಂಗ್ಲಿಷ್ ಮಾಷ್ಟ್ರುಗಳ ತಲೆನೋವು, ನಮಗೆಂತ ಎಂದು ಬಿಟ್ಟುಬಿಡುವ ಹಾಗಿಲ್ಲ.

ಮೊದಲು ಬಳಕೆಯನ್ನು ನೋಡುವ. 'ಟ್ರೈ' ಎಂಬುದು ಮನೆಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಓಡಾಡುವ ಪದ. 'ಎಂಡೆವರ್' ಇಸ್ತ್ರಿ ಹಾಕಿದ ಅಂಗಿ ತೊಟ್ಟ ಪದ. ಬೆಳಗ್ಗಿನ ಬಸ್ಸು ಹಿಡಿಯಲು ಯಾರೂ 'ಎಂಡೆವರ್' ಮಾಡುವುದಿಲ್ಲ, 'ಟ್ರೈ' ಮಾಡುತ್ತಾರೆ. ಸರಕಾರದ ಉತ್ತರ, ಕಂಪೆನಿಯ ಕಾಗದ, ಕರಾರುಪತ್ರ, ಕಾನೂನು, ಇವು 'ಎಂಡೆವರ್' ಕುಳಿತುಕೊಳ್ಳುವ ಜಾಗಗಳು. ಇನ್ನೊಂದು ವ್ಯತ್ಯಾಸವೂ ಇದೆ. 'ಒಂದು ಸಲ ಟ್ರೈ ಮಾಡಿ ನೋಡು' ಎನ್ನಬಹುದು. 'ಎಂಡೆವರ್' ಒಂದು ಸಲಕ್ಕೆ ಮುಗಿಯುವುದಲ್ಲ. ಗುರಿ ಇಟ್ಟುಕೊಂಡು, ಬಿಡದೆ, ಮೈಬಗ್ಗಿಸಿ ತೊಡಗುವುದು ಅದರ ಭಾವ. ಹಾಗಾಗಿಯೇ ದೊಡ್ಡ ಸಾಹಸಗಳಿಗೆ ಅದು ಹೆಸರಾಯಿತು. 1768ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ದಕ್ಷಿಣದ ಸಾಗರಗಳಿಗೆ ಹೊರಟ ಹಡಗಿನ ಹೆಸರು 'ಎಂಡೆವರ್'. 1992ರಲ್ಲಿ ಮೊದಲ ಸಲ ಹಾರಿದ ಅಮೆರಿಕದ ಬಾಹ್ಯಾಕಾಶ ನೌಕೆಗೂ ಅದೇ ಹೆಸರು. ಆ ಹೆಸರು ಬಂದದ್ದು ಶಾಲೆಯ ಮಕ್ಕಳಿಗಾಗಿ ನಡೆಸಿದ ಸ್ಪರ್ಧೆಯಿಂದ. ಅಮೆರಿಕದವರು ಈ ಪದವನ್ನು 'ಯು' ಅಕ್ಷರ ಬಿಟ್ಟು ಬರೆಯುತ್ತಾರೆ. ಆದರೆ ನೌಕೆಯ ಮೇಲೆ ಮಾತ್ರ ಕುಕ್‌ನ ಹಡಗಿನ ನೆನಪಿಗಾಗಿ 'ಯು' ಉಳಿಸಿಕೊಂಡರು. ನಮ್ಮ ಹೈವೇಯಲ್ಲಿ ಓಡುವ ದೊಡ್ಡ ಫೋರ್ಡ್ ಕಾರೊಂದರ ಹೆಸರೂ ಇದೇ ಆದ್ದರಿಂದ ಇಂಗ್ಲಿಷ್ ಓದದವರಿಗೂ ಪದ ತೀರಾ ಅಪರಿಚಿತವಲ್ಲ.

ಇನ್ನು ಹುಟ್ಟು. ಪದಗಳ ಮೂಲ ಹುಡುಕುವ ಚಾಳಿ ಮಂಜೇಶ್ವರಕ್ಕೆ ಹೊಸತಲ್ಲ. ಹಲವು ಭಾಷೆ ಬಲ್ಲ ಗೋವಿಂದ ಪೈಗಳು ಬಾಳಿದ ಊರು ಇದು. ಒಂದು ಪದದ ಬೇರು ಅಗೆದರೆ ಇತಿಹಾಸವೇ ಮೇಲೆ ಬರುತ್ತದೆ ಎಂಬುದನ್ನು ಅವರ ಸಂಶೋಧನೆಯನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ. 'ಎಂಡೆವರ್'ನ ಬೇರು ಇರುವುದು ಫ್ರೆಂಚಿನಲ್ಲಿ. ಅಲ್ಲಿ 'ದೆವ್ವಾರ್' ಎಂದರೆ ಕರ್ತವ್ಯ. (ನಮ್ಮ ದೆವ್ವಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.) 'ತನ್ನನ್ನು ತಾನು ಕರ್ತವ್ಯದಲ್ಲಿ ಇಟ್ಟುಕೊಳ್ಳುವುದು' ಎಂಬರ್ಥದ ಒಂದು ಫ್ರೆಂಚ್ ನುಡಿಗಟ್ಟನ್ನು ಮಧ್ಯಕಾಲದ ಇಂಗ್ಲಿಷರು ತಮ್ಮ ಭಾಷೆಗೆ ತಂದುಕೊಂಡರು. ಆ ನುಡಿಗಟ್ಟಿನ 'ಎನ್' ಮತ್ತು 'ದೆವರ್' ಬಾಯಿಂದ ಬಾಯಿಗೆ ಹೋಗಿ ಅಂಟಿಕೊಂಡು ಒಂದೇ ಪದವಾಯಿತು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಬರೇ 'ಎಂಡೆವರ್ ಮಾಡುತ್ತೇನೆ' ಎನ್ನದೆ 'ನನ್ನನ್ನು ನಾನು ಎಂಡೆವರ್ ಮಾಡಿಕೊಳ್ಳುತ್ತೇನೆ' ಎಂಬ ರೀತಿಯ ಪ್ರಯೋಗವೂ ಇತ್ತು. ಎಂದರೆ, ಈ ಕೆಲಸಕ್ಕೆ ನನ್ನನ್ನು ನಾನೇ ಕಟ್ಟಿಹಾಕಿಕೊಳ್ಳುತ್ತೇನೆ, ಇದು ನನ್ನ ಹೊಣೆ ಎಂದು.

ಇನ್ನೂ ಸ್ವಲ್ಪ ಕೆಳಗೆ ಅಗೆದರೆ ಲ್ಯಾಟಿನ್ ಸಿಗುತ್ತದೆ. 'ದೆವ್ವಾರ್'ನ ತಾಯಿ ಲ್ಯಾಟಿನ್ನಿನ 'ದೆಬೆರೆ'. ಅದರ ಅರ್ಥ ಸಾಲ ಇರುವುದು, ಕೊಡಲು ಬಾಕಿ ಇರುವುದು. ಅದೇ ತಾಯಿಯ ಬೇರೆ ಮಕ್ಕಳನ್ನು ನಾವೆಲ್ಲ ಬಲ್ಲೆವು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ 'ಡೆಬಿಟ್' ಇದೆ. ಕರೆಂಟು ಬಿಲ್ಲಿನಲ್ಲಿ 'ಡ್ಯೂ ಡೇಟ್' ಇದೆ. ಪೊಲೀಸಿನವರಿಂದ ಹಿಡಿದು ನರ್ಸಮ್ಮನವರೆಗೆ ಎಲ್ಲರಿಗೂ 'ಡ್ಯೂಟಿ' ಇದೆ. ಡೆಬಿಟ್, ಡ್ಯೂ, ಡ್ಯೂಟಿ, ಎಂಡೆವರ್, ನಾಲ್ಕೂ ಒಂದೇ ಕುಟುಂಬದವು. ಆದ್ದರಿಂದ ಮೂಲದಲ್ಲಿ ಇದು 'ಆದರೆ ಆಯಿತು, ಹೋದರೆ ಹೋಯಿತು' ಎಂಬ ಪ್ರಯತ್ನವಲ್ಲ. ಸಾಲಗಾರ ಸಾಲ ತೀರಿಸಲು ಪಡುವ ಪಾಡು ಅದು.

ನೂರಾರು ವರ್ಷಗಳ ಬಳಕೆಯಲ್ಲಿ ಪದ ಸವೆಯಿತು. 'ಕರ್ತವ್ಯವೆಂದು ತೊಡಗು' ಎಂಬುದು 'ತೊಡಗು' ಆಯಿತು, 'ತೊಡಗು' ಎಂಬುದು 'ಪ್ರಯತ್ನಿಸು' ಆಯಿತು. ಎಲ್ಲ ಭಾಷೆಯಲ್ಲಿಯೂ ಹೀಗೆ ಆಗುತ್ತದೆ. ಹುಟ್ಟಿದಾಗಿನ ಅರ್ಥವೇ ಇವತ್ತಿಗೂ ಅರ್ಥ ಎಂದು ಹಟ ಹಿಡಿಯುವವನು ಭಾಷೆಯನ್ನು ಬಲ್ಲವನಲ್ಲ. ಆದರೆ ಕಾನೂನಿನ ಪುಸ್ತಕದಲ್ಲಿ ಒಂದು ಹಳೆಯ, ಭಾರದ ಪದ ಕುಳಿತಿದ್ದರೆ, ಅದು ಅಲ್ಲಿ ಏನು ಮಾಡುತ್ತಿದೆ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳುವುದು ನ್ಯಾಯ.

ಈಗ ನಮ್ಮ ವಾಕ್ಯಕ್ಕೆ ಬರುವ. ಅದು ಸಂವಿಧಾನದ 350ಎ ವಿಧಿ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ್ದು. ಆ ತಿದ್ದುಪಡಿ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು ಕೂಡ ಅದೇ ದಿನ. ಒಂದು ಕೈಯಲ್ಲಿ ನಮ್ಮನ್ನು ಭಾಷಾ ಅಲ್ಪಸಂಖ್ಯಾತರನ್ನಾಗಿ ಮಾಡಿದ ದಿನವೇ ಇನ್ನೊಂದು ಕೈಯಲ್ಲಿ ಈ ವಾಕ್ಯವನ್ನು ಕೊಟ್ಟರು. ಅದರ ಸಾರ ಇಷ್ಟು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸುವುದು ಪ್ರತಿಯೊಂದು ರಾಜ್ಯದ ಮತ್ತು ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯ 'ಎಂಡೆವರ್' ಆಗಿರತಕ್ಕದ್ದು, ಅದಕ್ಕೆ ಬೇಕಾದ ನಿರ್ದೇಶನಗಳನ್ನು ರಾಷ್ಟ್ರಪತಿಗಳು ಕೊಡಬಹುದು. ಇಲ್ಲಿ ಪದ ಕ್ರಿಯಾಪದವಾಗಿ ಬರದೆ ನಾಮಪದವಾಗಿ ಬಂದಿದೆ. ಜೀವ ಕ್ರಿಯಾಪದದ್ದೇ.

'ಶಲ್' ಮತ್ತು 'ಎಂಡೆವರ್' ಒಟ್ಟಿಗೆ ಬಂದಾಗ ಒಂದು ವಿಚಿತ್ರ ಆಗುತ್ತದೆ. 'ಶಲ್' ಎಂದರೆ ನಮ್ಮ ಕಾನೂನಿನ ಕನ್ನಡದ 'ತಕ್ಕದ್ದು'. ಅದು ಕಟ್ಟುವ ಪದ. ಇವತ್ತಿನ ಅರ್ಥದ 'ಎಂಡೆವರ್' ಸಡಿಲಿಸುವ ಪದ. ಎರಡೂ ಸೇರಿದರೆ ದನವನ್ನು ಕಂಬಕ್ಕೆ ಕಟ್ಟಿದ್ದು ಹೌದು, ಆದರೆ ಹಗ್ಗ ಗದ್ದೆಯ ಆಚೆ ಬದಿಯ ತನಕ ಉದ್ದ ಎಂಬ ಹಾಗಾಗುತ್ತದೆ. ಕಟ್ಟಿಲ್ಲ ಎಂದು ದೂರು ಕೊಡುವ ಹಾಗಿಲ್ಲ. ಕಟ್ಟಿದ್ದರಿಂದ ಪೈರು ಉಳಿಯಿತು ಎಂದೂ ಇಲ್ಲ.

ಕನ್ನಡಕ್ಕೆ ಬರುವಾಗ ಹಗ್ಗ ಇನ್ನಷ್ಟು ಉದ್ದವಾಗುತ್ತದೆ. ನಾವು ಇದನ್ನು ಸಾಮಾನ್ಯವಾಗಿ 'ಪ್ರಯತ್ನ' ಎನ್ನುತ್ತೇವೆ. ಸಂಸ್ಕೃತದ 'ಪ್ರಯತ್ನ' ಸಣ್ಣ ಪದವೇನಲ್ಲ. ಆದರೆ ನಮ್ಮ ಆಡುಮಾತಿನಲ್ಲಿ ಅದಕ್ಕೆ ಬಂದಿರುವ ಗತಿಯನ್ನು ನೋಡಿ. ಮದುವೆಗೆ ಕರೆದಾಗ 'ಬರಲಿಕ್ಕೆ ಪ್ರಯತ್ನ ಮಾಡ್ತೇನೆ' ಎಂದರೆ ಅವನ ಎಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದೇ ಅರ್ಥ. ಸಾಲ ಕೇಳಿದಾಗ 'ಪ್ರಯತ್ನ ಮಾಡುವ' ಎಂದರೆ ಬೇರೆ ಕಡೆ ಕೇಳಿಕೋ ಎಂದು. ಇಲ್ಲ ಎನ್ನಲು ದಾಕ್ಷಿಣ್ಯ ಇರುವವರು ಇಟ್ಟುಕೊಂಡ ಮರ್ಯಾದೆಯ ಪದ ಅದು. ನಮ್ಮ ಎಲ್ಲ ಭಾಷೆಗಳಲ್ಲಿಯೂ ಇದಕ್ಕೆ ಒಂದೊಂದು ಜೊತೆಗಾರ ಇದೆ. ಕನ್ನಡದಲ್ಲಿ 'ನೋಡುವ', ಮಲಯಾಳದಲ್ಲಿ 'ನೋಕ್ಕಾಂ', ತುಳುವಿನಲ್ಲಿ 'ತೂಕ'. ಕನ್ನಡದಲ್ಲಿ 'ತೂಕ' ಎಂದರೆ ಭಾರ, ತುಳುವಿನಲ್ಲಿ 'ತೂಕ' ಎಂದರೆ ನೋಡುವ. ಸರಕಾರ ತೂಕದ ಮಾತು ಕೊಟ್ಟಿದೆ ಎಂದು ನಾವು ಕನ್ನಡದಲ್ಲಿ ತಿಳಿದುಕೊಂಡಿದ್ದೇವೆ. ಅದು ತುಳುವಿನಲ್ಲಿ ಹೇಳಿದ್ದೋ ಎಂಬುದೇ ಈಗಿನ ಪ್ರಶ್ನೆ.

ಪ್ರಶ್ನೆಗೆ ಉತ್ತರ ಸಿಗಬೇಕಾದರೆ ವಾಕ್ಯದ ನೆರೆಕರೆಯನ್ನು ನೋಡಬೇಕು. 350ಎ ಆದ ಕೂಡಲೇ 350ಬಿ ಬರುತ್ತದೆ. ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರತಕ್ಕದ್ದು, ಅವರ ರಕ್ಷಣೆಯ ಸಂಗತಿಗಳನ್ನು ವಿಚಾರಿಸಿ ವರದಿ ಮಾಡುವುದು ಆ ಅಧಿಕಾರಿಯ 'ಡ್ಯೂಟಿ' ಆಗಿರತಕ್ಕದ್ದು ಎಂದು ಅಲ್ಲಿದೆ. ಅದಾದ ಮೇಲೆ 351. ಹಿಂದಿ ಭಾಷೆಯ ಪ್ರಸಾರವನ್ನು ಬೆಳೆಸುವುದು ಕೇಂದ್ರ ಸರಕಾರದ 'ಡ್ಯೂಟಿ' ಆಗಿರತಕ್ಕದ್ದು. ಮೂರು ವಿಧಿಗಳೂ ಒಂದರ ಬೆನ್ನಿಗೆ ಒಂದು. ವರದಿ ಬರೆಯುವುದು ಡ್ಯೂಟಿ, ಹಿಂದಿ ಬೆಳೆಸುವುದು ಡ್ಯೂಟಿ, ಮಗುವಿಗೆ ಅದರ ತಾಯಿನುಡಿಯಲ್ಲಿ ಅಕ್ಷರ ಕಲಿಸುವುದು ಎಂಡೆವರ್! ಒಂದೇ ತಾಯಿಯ ಎರಡು ಮಕ್ಕಳಲ್ಲಿ ಒಬ್ಬನನ್ನು ಆಳಾಗಿ ದುಡಿಸಿ, ಇನ್ನೊಬ್ಬನನ್ನು ನೆಂಟನ ಹಾಗೆ ಚಾವಡಿಯಲ್ಲಿ ಕೂರಿಸಿದ ಹಾಗಿದೆ.

ಇದು ಕೈತಪ್ಪಿ ಬಂದ ಪದವೆಂದು ಹೇಳಲಿಕ್ಕೂ ಕಷ್ಟ. 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಎಂಬ ಮೂವರು ಇದ್ದರು. ಕಾಸರಗೋಡನ್ನು ಕೇರಳಕ್ಕೆ ಸೇರಿಸಲು ಹೇಳಿದ್ದು ಈ ಆಯೋಗವೇ. ಆದರೆ ಅದೇ ವರದಿಯಲ್ಲಿ, ಸಾಕಷ್ಟು ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಹಕ್ಕಿಗೆ ಸಂವಿಧಾನದ ಮನ್ನಣೆ ಸಿಗಬೇಕು ಎಂದೂ ಹೇಳಿದ್ದರು. ಆಯೋಗದ ಬಾಯಲ್ಲಿ ಅದು ಹಕ್ಕು. ತಿದ್ದುಪಡಿಯ ಹೊತ್ತಿಗೆ ಹಕ್ಕು ಇಳಿದು ಎಂಡೆವರ್ ಆಯಿತು. ನಮ್ಮನ್ನು ಕೇರಳಕ್ಕೆ ಸೇರಿಸಿದ ಶಿಫಾರಸು ಪೂರ್ತಿಯಾಗಿ ಜಾರಿಯಾಯಿತು. ಅದರ ಜೊತೆಗಿದ್ದ ಶಿಫಾರಸು ಮಾತ್ರ ನೀರು ಬೆರೆಸಿಕೊಂಡು ಬಂತು.

ಈ ಪದ ಇಂಥ ಕೆಲಸ ಮಾಡಿದ್ದು ಇದೇ ಮೊದಲಲ್ಲ. ಸಂವಿಧಾನದ 45ನೆಯ ವಿಧಿಯ ಕತೆ ಅಧ್ಯಾಪಕರೆಲ್ಲ ತಿಳಿಯಬೇಕಾದದ್ದು. ಪ್ರತಿಯೊಬ್ಬ ಪ್ರಜೆಗೂ ಉಚಿತ ಪ್ರಾಥಮಿಕ ಶಿಕ್ಷಣ ಸಲ್ಲುತ್ತದೆ ಎಂಬ ಮಾತು ಕರಡಿನಲ್ಲಿ ಮೊದಲಿಗೇ ಇತ್ತು. 1948ರ ನವೆಂಬರ್ 23ರಂದು ಸಂವಿಧಾನ ಸಭೆಯಲ್ಲಿ ಲಕ್ಷ್ಮೀಕಾಂತ ಮೈತ್ರ ಅವರ ತಿದ್ದುಪಡಿಯಂತೆ ಆ ಮಾತನ್ನು ಕೈಬಿಟ್ಟರು. ಉಳಿದದ್ದು, ಹದಿನಾಲ್ಕು ವರ್ಷ ತುಂಬುವ ತನಕ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಹತ್ತು ವರ್ಷದೊಳಗೆ ಒದಗಿಸಲು ಸರಕಾರ 'ಶಲ್ ಎಂಡೆವರ್' ಎಂಬ ಭಾಗ. ಅದಕ್ಕೆ ಒಂದು ಡ್ಯೂ ಡೇಟ್ ಆದರೂ ಇತ್ತು: 1960. ಆ ದಿನ ಬಂತು, ಹೋಯಿತು. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮಕ್ಕಳ ಹಕ್ಕೇ ಎಂದು ಹೇಳಬೇಕಾಯಿತು. 2002ರಲ್ಲಿ 86ನೆಯ ತಿದ್ದುಪಡಿಯಿಂದ 21ಎ ವಿಧಿ ಬಂತು. ಅದರಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸರಕಾರ ಶಿಕ್ಷಣ 'ಒದಗಿಸತಕ್ಕದ್ದು' ಎಂದು ನೇರವಾಗಿ ಇದೆ. 'ಎಂಡೆವರ್' ಇಲ್ಲ. ಆ ಒಂದು ಪದ ಜಾಗ ಖಾಲಿ ಮಾಡಲು ಐವತ್ತು ವರ್ಷ ಬೇಕಾಯಿತು. ತಮಾಷೆಯೆಂದರೆ, ಅದೇ ತಿದ್ದುಪಡಿಯಲ್ಲಿ 45ನೆಯ ವಿಧಿಯನ್ನು ಬದಲಿಸಿ ಆರು ವರ್ಷದ ಒಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ 'ಶಲ್ ಎಂಡೆವರ್' ಎಂದು ಬರೆದರು. ಪದ ಮನೆ ಬಿಡಲಿಲ್ಲ, ಕೋಣೆ ಬದಲಿಸಿತು. ಇನ್ನು 2009ರ ಶಿಕ್ಷಣದ ಹಕ್ಕು ಕಾಯಿದೆಯಲ್ಲಿ ಕಲಿಕೆಯ ಮಾಧ್ಯಮ ಮಾತೃಭಾಷೆಯಾಗಿರಬೇಕು ಎಂದಿದೆ, ಆದರೆ 'ಕಾರ್ಯಸಾಧ್ಯವಾದಷ್ಟು ಮಟ್ಟಿಗೆ'. ಅದು ಎಂಡೆವರ್‌ನ ಅಣ್ಣತಮ್ಮನೇ.

ನಮ್ಮ ರಾಜ್ಯದ ಉದಾಹರಣೆಯೂ ಇದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿ ಕೇರಳದಲ್ಲಿ ಕಾನೂನು ಬಂತು. ಮಲಯಾಳ ಕಲಿಯುವುದಕ್ಕೆ ಈ ಕಡೆಯವರ ತಕರಾರು ಇರುವುದು ಕಮ್ಮಿ. ಪೇಟೆಗೆ, ಆಸ್ಪತ್ರೆಗೆ, ಆಫೀಸಿಗೆ ಹೋಗುವವರಿಗೆ ಅದು ಬೇಕೇ ಬೇಕು. ನಾನು ಹೇಳುವುದು ಪದದ ವಿಷಯ. ಬಲ ಇರುವವರ ಭಾಷೆಗೆ 'ಕಡ್ಡಾಯ' ಎಂಬ ಪದ ಕೂಡಲೇ ಸಿಗುತ್ತದೆ. ಬಲ ಇಲ್ಲದವರ ಭಾಷೆಗೆ 'ಎಂಡೆವರ್' ಸಿಗುತ್ತದೆ. ಹಿಂದಿಯ ವಿಧಿಯಲ್ಲಿ ಕಂಡದ್ದೂ ಇದನ್ನೇ.

ಹಾಗಾದರೆ ಈ ಪದ ಬರೀ ಟೊಳ್ಳೋ? ಅಲ್ಲ ಎಂಬುದೇ ನನ್ನ ವಾದ. ಮೂರು ಕಾರಣ ಇದೆ.

ಒಂದು, ಇಂಗ್ಲಿಷರ ಕರಾರು ಕಾನೂನಿನಲ್ಲಿ ಈ ಪದಕ್ಕೆ ಈಗಲೂ ಹಲ್ಲು ಇದೆ. 'ಬೆಸ್ಟ್ ಎಂಡೆವರ್ಸ್', 'ರೀಸನೇಬಲ್ ಎಂಡೆವರ್ಸ್' ಎಂದು ಅಲ್ಲಿ ದರ್ಜೆಗಳಿವೆ. ಮೊದಲನೆಯದು ಹೆಚ್ಚು ಭಾರ, ಎರಡನೆಯದು ಸ್ವಲ್ಪ ಕಮ್ಮಿ. ಹಾಗೆ ಬರೆದುಕೊಟ್ಟವನು ಕೆಲಸ ಆಗಲಿಲ್ಲ ಎಂಬ ಕಾರಣಕ್ಕೆ ತಪ್ಪಿತಸ್ಥನಾಗುವುದಿಲ್ಲ. ಆದರೆ ಕೈಕಟ್ಟಿ ಕೂತಿದ್ದರೆ ತಪ್ಪಿತಸ್ಥನಾಗುತ್ತಾನೆ. ಎಂದರೆ ಫಲಕ್ಕೆ ವಿನಾಯಿತಿ ಇದೆ, ದುಡಿಮೆಗೆ ಇಲ್ಲ.

ಎರಡು, 350ಎ ಇರುವ ಜಾಗ. 'ಎಂಡೆವರ್' ಹೆಚ್ಚಾಗಿ ಬರುವುದು ಸಂವಿಧಾನದ ನಾಲ್ಕನೆಯ ಭಾಗದಲ್ಲಿ, ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ. ಅವುಗಳನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲಾಗದು ಎಂದು 37ನೆಯ ವಿಧಿಯೇ ಬೇಲಿ ಹಾಕಿದೆ. ನಮ್ಮ ವಿಧಿ ಆ ಬೇಲಿಯ ಒಳಗೆ ಇಲ್ಲ. ಅದು ಹದಿನೇಳನೆಯ ಭಾಗದಲ್ಲಿ, ಭಾಷೆಯ ಅಧ್ಯಾಯದಲ್ಲಿ ಇದೆ. ಜೊತೆಗೆ ರಾಷ್ಟ್ರಪತಿಗಳ ನಿರ್ದೇಶನದ ಅಧಿಕಾರವೂ ಅದರ ಬೆನ್ನಿಗಿದೆ. ಪದ ಒಂದೇ ಆದರೂ ಜಾಗ ಬೇರೆ, ಬಲವೂ ಬೇರೆ.

ಮೂರು, ವಾಕ್ಯದಲ್ಲಿ 'ಸಾಕಷ್ಟು ಸೌಕರ್ಯ' ಎಂಬ ಮಾತಿದೆ. ಪ್ರಯತ್ನವನ್ನು ಅಳೆಯಲು ಅದೇ ಸೇರು. ನ್ಯಾಯವಾಗಿ ಹೇಳುವುದಾದರೆ ಕೇರಳ ಏನೂ ಮಾಡಿಲ್ಲ ಎನ್ನುವ ಹಾಗಿಲ್ಲ. ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ, ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚಾಗುತ್ತದೆ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಬರುತ್ತದೆ. ಆದರೆ ಸೌಕರ್ಯ ಎಂದರೆ ಕಟ್ಟಡ ಮತ್ತು ಪುಸ್ತಕ ಮಾತ್ರವೋ? ಕನ್ನಡ ತಿಳಿಯದವರು ಕನ್ನಡ ಮಾಧ್ಯಮದ ತರಗತಿಗೆ ಅಧ್ಯಾಪಕರಾಗಿ ಬಂದು, ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನಲ್ಲಿ ನಿಲ್ಲಬೇಕಾದದ್ದು ಈ ಜಿಲ್ಲೆಯಲ್ಲಿ ಗುಟ್ಟಿನ ವಿಷಯವಲ್ಲ. ಬಂದ ಟೀಚರನ್ನು ದೂರಿ ಫಲವಿಲ್ಲ, ಅವರೂ ಪರೀಕ್ಷೆ ಬರೆದು ಕೆಲಸ ಪಡೆದವರು. ಲೆಕ್ಕ ಹೇಳಿಕೊಡುವವರಿಗೆ ಮಗುವಿನ ಮಾತು ತಿಳಿಯದು, ಮಗುವಿಗೆ ಅವರ ಮಾತು ತಿಳಿಯದು. ನಡುವೆ ಕರಿಹಲಗೆ ಮಾತ್ರ ಇದೆ. ಅಂಥ ಕಡೆ 'ಪ್ರಯತ್ನ ಮಾಡಿದ್ದೇವೆ' ಎಂದರೆ ಯಾವ ಪ್ರಯತ್ನ ಎಂದು ಕೇಳಲೇಬೇಕು. ಬಾವಿ ತೋಡಿದ್ದೇವೆ, ನೀರು ಬರುವುದು ದೇವರಿಗೆ ಬಿಟ್ಟದ್ದು ಎನ್ನಬಹುದು. ತೋಡದೆ ಹಾಗೆ ಹೇಳಲಿಕ್ಕೆ ಆಗುವುದಿಲ್ಲ.

ಸರಕಾರದ ಕಡೆಯ ವಾದವನ್ನೂ ಕೇಳುವ. ಯಾವ ರಾಜ್ಯಕ್ಕೂ ಎಲ್ಲ ಊರಿನಲ್ಲಿ ಎಲ್ಲ ಭಾಷೆಯ ಅಧ್ಯಾಪಕರನ್ನು ಕೊಡಲು ಸಾಧ್ಯವಿಲ್ಲ, ಆದ್ದರಿಂದಲೇ ಸಂವಿಧಾನ ಎಚ್ಚರದ ಪದ ಬಳಸಿದೆ ಎಂದು ವಕೀಲರು ಹೇಳಿಯಾರು. ಅದರಲ್ಲಿ ಹುರುಳಿದೆ. ಕರ್ನಾಟಕದಲ್ಲಿ ತಮಿಳು, ತೆಲುಗು, ಮರಾಠಿ, ಉರ್ದು ಮಕ್ಕಳಿಗೂ ಇದೇ ವಿಧಿ ಅನ್ವಯ. ನಾವು ಇಲ್ಲಿ ಈ ಪದವನ್ನು ಬಿಗಿಯಾಗಿ ಓದಿದರೆ ಅಲ್ಲಿಯೂ ಬಿಗಿಯಾಗಿಯೇ ಓದಬೇಕು. ಆದರೆ ಎಚ್ಚರದ ಪದ ಸೋಮಾರಿಗೆ ಸರ್ಟಿಫಿಕೇಟು ಆಗಬಾರದು. ಕಷ್ಟ ಇದೆ ಎಂಬುದು ದುಡಿಯಲು ಕಾರಣ, ದುಡಿಯದಿರಲು ಅಲ್ಲ.

ನಮ್ಮ ಕಡೆಗೂ ಒಂದು ಮಾತು ಉಂಟು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಕರ್ನಾಟಕದ ಭಾಷಾ ಮಾಧ್ಯಮದ ಮೊಕದ್ದಮೆಯಲ್ಲಿ ಈ 350ಎ ವಿಧಿಯನ್ನೂ ಎತ್ತಿಕೊಂಡಿತು. ಮಾತೃಭಾಷೆಯಲ್ಲಿಯೇ ಕಲಿಯಬೇಕೆಂದು ಮಕ್ಕಳನ್ನು ಒತ್ತಾಯಿಸುವ ಅಧಿಕಾರ ಇದರಿಂದ ಸರಕಾರಕ್ಕೆ ಬರುವುದಿಲ್ಲ, ಆಯ್ಕೆ ಮಗುವಿನ ಹೆತ್ತವರದ್ದು ಎಂದು ತೀರ್ಪಾಯಿತು. ಅದರ ಅರ್ಥ, ಸೌಕರ್ಯ ಒದಗಿಸುವ ಭಾರ ಸರಕಾರದ್ದು, ಬಳಸುವ ಭಾರ ನಮ್ಮದು. ಕನ್ನಡ ಶಾಲೆ ಉಳಿಯಲಿ ಎಂದು ಮೈಕಿನಲ್ಲಿ ಹೇಳಿ, ನಮ್ಮ ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿನ ವ್ಯಾನಿಗೆ ಹತ್ತಿಸಿದರೆ, ಸರಕಾರಕ್ಕೆ ಉತ್ತರ ಸುಲಭವಾಗುತ್ತದೆ. ಸಾಲ ಕೊಟ್ಟವನು ತಾನೇ ಹೋಗಿ ಚೀಟಿ ಹರಿದರೆ ಸಾಲಗಾರನನ್ನು ದೂರಿ ಏನು ಪ್ರಯೋಜನ? ಪ್ರೋನೋಟು ಮೂರು ವರ್ಷಕ್ಕೆ ಕಾಲಬಾಧಿತವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಸಂವಿಧಾನದ ಮಾತಿಗೆ ಹಾಗೆ ಕಾಲಮಿತಿ ಇಲ್ಲ. ಆದರೆ ಕೇಳುವವರೇ ಇಲ್ಲದ ಸಾಲ ಪುಸ್ತಕದಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೊನೆಗೆ ಅನುವಾದದ ವಿಷಯ. 'ಎಂಡೆವರ್'ಗೆ ಕನ್ನಡದಲ್ಲಿ ಯಾವ ಪದ ಸರಿ? 'ಯತ್ನ', 'ಪ್ರಯತ್ನ' ಸವೆದಿವೆ. 'ಶ್ರಮಿಸು' ಎಂಬುದು ಅಧ್ಯಕ್ಷ ಭಾಷಣದ ಪಾಲಾಗಿದೆ. 'ಹೆಣಗು' ಒಳ್ಳೆಯ ಪದ, ಅದರಲ್ಲಿ ಬೆವರು ಕಾಣುತ್ತದೆ. ಆದರೆ ಕರ್ತವ್ಯದ ಭಾವ ಇಲ್ಲ. ನನಗೆ ತೋರುವುದು 'ಹೊಣೆ'. ಇವತ್ತು ಅದಕ್ಕೆ ಜವಾಬ್ದಾರಿ ಎಂದು ಅರ್ಥ, ಆದರೆ ಮೊದಲಿನಿಂದಲೂ ಅದು ಜಾಮೀನಿನ ಪದ. ಇನ್ನೊಬ್ಬನ ಸಾಲಕ್ಕೆ ತಾನು ನಿಲ್ಲುವುದು ಹೊಣೆ. ಲ್ಯಾಟಿನ್ನಿನಲ್ಲಿ ಸಾಲದಿಂದ ಕರ್ತವ್ಯ ಹುಟ್ಟಿದ ಹಾಗೆ ಕನ್ನಡದಲ್ಲಿಯೂ ಜಾಮೀನಿನಿಂದ ಜವಾಬ್ದಾರಿ ಹುಟ್ಟಿದೆ. ಆದ್ದರಿಂದ 'ಪ್ರಯತ್ನಿಸತಕ್ಕದ್ದು' ಎನ್ನುವ ಬದಲು 'ಹೊಣೆಯರಿತು ದುಡಿಯತಕ್ಕದ್ದು' ಎಂದರೆ ಪದದ ಹಳೆಯ ತೂಕ ಸ್ವಲ್ಪವಾದರೂ ಉಳಿಯುತ್ತದೆ. ಇಲ್ಲಿ ತೂಕ ಕನ್ನಡದ್ದೇ.

ಅಧ್ಯಾಪಕ ಮಿತ್ರರು ತರಗತಿಯಲ್ಲಿ ಈ ಪದ ಬಂದಾಗ ಡೆಬಿಟ್, ಡ್ಯೂ, ಡ್ಯೂಟಿಗಳನ್ನು ಪಕ್ಕದಲ್ಲಿ ಬರೆದು ತೋರಿಸಲಿ. ಮಕ್ಕಳು ಮರೆಯುವುದಿಲ್ಲ. ನಾವು ದೊಡ್ಡವರು ಮನವಿ ಬರೆಯುವಾಗ ಕ್ರಮ ಸ್ವಲ್ಪ ಬದಲಿಸುವ. 'ದಯವಿಟ್ಟು ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡಿಸಿ' ಎಂದು ಬರೆದರೆ 'ಪ್ರಯತ್ನಿಸಲಾಗುವುದು' ಎಂಬ ಉತ್ತರಕ್ಕೆ ದಾರಿಯಾಗುತ್ತದೆ. 'ಈ ಶಾಲೆಯ ವಿಷಯದಲ್ಲಿ 350ಎ ವಿಧಿಯಂತೆ ಇದುವರೆಗೆ ಏನೇನು ಮಾಡಿದ್ದೀರಿ, ಯಾವ ತಾರೀಕಿಗೆ, ಯಾವ ಕಾಗದದಲ್ಲಿ'ಎಂದು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿದರೆ, ಮಾಡಿದ ಪ್ರಯತ್ನದ ಲೆಕ್ಕ ಕೊಡಬೇಕಾಗುತ್ತದೆ. ವಾಕ್ಯದಲ್ಲಿ 'ಸ್ಥಳೀಯ ಸಂಸ್ಥೆ' ಎಂದೂ ಇರುವುದರಿಂದ ಈ ಪ್ರಶ್ನೆಯನ್ನು ನಮ್ಮ ಪಂಚಾಯತಿನ ಗ್ರಾಮಸಭೆಯಲ್ಲಿ ಕೇಳಲಿಕ್ಕೂ ಅಡ್ಡಿಯಿಲ್ಲ. ಫಲ ಕೊಡುತ್ತೇವೆಂದು ಅವರು ಬರೆದುಕೊಟ್ಟಿಲ್ಲ, ನಿಜ. ದುಡಿಯುತ್ತೇವೆಂದು ಬರೆದುಕೊಟ್ಟಿದ್ದಾರೆ. ದುಡಿದದ್ದನ್ನು ತೋರಿಸಿ ಎಂದು ಕೇಳಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.